ಹೊಂಬೆಳಕು ಸಂಘದ ಪುನರಾಗಮನ ನಿಯಮ

ಚಂದ್ರಾ ಲೇಔಟಿನ ಹೊಂಬೆಳಕು ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘವು ಸ್ವಂತ ಸರ್ವರ್ ಹೊಂದತಕ್ಕದ್ದು ಎಂದು ಸರ್ವಸದಸ್ಯರ ಸಭೆ ಅವಿರೋಧವಾಗಿ ತೀರ್ಮಾನಿಸಿತು. ಕಾರಣ ಸರಳ. ಸದಸ್ಯರೆಲ್ಲ ಸ್ವಂತ ಮನೆಯವರು. ಸಂಘದ ಇ-ಮೇಲ್ ಮಾತ್ರ ಯಾವುದೋ ಪರದೇಶದ ಕಂಪನಿಯಲ್ಲಿ ಬಾಡಿಗೆಗೆ ಇದ್ದಂತೆ ಇತ್ತು. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ಕಾರ್ಯದರ್ಶಿ ಪುರುಷೋತ್ತಮ ಅವರು, "ಓನರ್ ಯಾವತ್ತು ಖಾಲಿ ಮಾಡಿ ಅಂತಾನೋ ಹೇಳಕ್ಕಾಗಲ್ಲ" ಎಂದರು. ಬಾಡಿಗೆ ಮನೆಗಳ ಹಳೆಯ ನೆನಪು ಬಂದು ಸಭೆ ಗಂಭೀರವಾಯಿತು.

ಕೆಲಸವನ್ನು ಎರಡನೇ ಅಡ್ಡರಸ್ತೆಯ ಮಧ್ವೇಶನಿಗೆ ಒಪ್ಪಿಸಲಾಯಿತು. ಅವನು ಕಂಪನಿಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು. ಹಳೆಯ ಕಂಪ್ಯೂಟರೊಂದನ್ನು ತಂದು ಸಂಘದ ಮಹಡಿಯ ಕೋಣೆಯಲ್ಲಿ ವೆಬ್, ಮೇಲ್ ಮತ್ತು ಡಿಎನ್‌ಎಸ್ ಮೂರನ್ನೂ ಸ್ಥಾಪಿಸಿದ. ಡಿಎನ್‌ಎಸ್ ಎಂದರೆ ಹೆಸರು ಹೇಳಿದರೆ ವಿಳಾಸ ಹೇಳುವುದು. ಬೀದಿ ಕೊನೆಯ ಇಸ್ತ್ರಿ ಅಂಗಡಿಯವರು ಇಷ್ಟು ವರ್ಷ ಮಾಡುತ್ತಿದ್ದದ್ದೂ ಅದೇ. ಅಂಥವು ಎರಡಿರಬೇಕು, ಎರಡೂ ಬೇರೆ ಬೇರೆ ಜಾಗದಲ್ಲಿರಬೇಕು ಎಂದು ಮಧ್ವೇಶ ಹೇಳಿದ್ದರಿಂದ ಎರಡನೆಯದನ್ನು ಅಟ್ಟದ ಮೇಲೆ ಇಡಲಾಯಿತು. ವೆಬ್‌ಸೈಟಿನಲ್ಲಿ ಕಾರ್ಯದರ್ಶಿಗಳ ಭಾವಚಿತ್ರವಿದೆ. ಅದನ್ನು ಒತ್ತಿದರೆ ದೊಡ್ಡದಾಗುತ್ತದೆ.

ಸ್ವಂತದ್ದು ಎಂದ ಮೇಲೆ ಗೃಹಪ್ರವೇಶವಾಗಬೇಕು. ಹಾಲುಕ್ಕಿಸಿ, ಬೂದುಗುಂಬಳಕಾಯಿ ಕಟ್ಟಲಾಯಿತು. ಹಸು ಮೆಟ್ಟಿಲು ಹತ್ತಲು ಒಪ್ಪದ ಕಾರಣ ಕಿಟಕಿಯಿಂದ ಕೇಬಲ್ ಇಳಿಬಿಡಲಾಯಿತು. ಹಸು ಅದನ್ನು ಮೂಸಿತು. ಪ್ರವೇಶವಾಯಿತು ಎಂದು ಪುರೋಹಿತರು ದೃಢೀಕರಿಸಿದರು.

ಮೊದಲ ವಾರವೇ ಸಂಘಕ್ಕೆ ಲಾಟರಿ ಗೆದ್ದಿರುವ ಸುದ್ದಿಗಳೂ ಅಪರಿಚಿತ ರಾಜಕುಮಾರರ ಆಸ್ತಿ ಪತ್ರಗಳೂ ರಾಶಿ ರಾಶಿ ಬಂದವು. ಪುರುಷೋತ್ತಮರು ಎಲ್ಲಕ್ಕೂ ಉತ್ತರ ಬರೆಯುತ್ತಿರುವುದು ಗೊತ್ತಾಗಿ ಮಧ್ವೇಶ ಒಂದು ಉಪಾಯ ಹೇಳಿದ.

"ಸಾರ್, ಗ್ರೇಲಿಸ್ಟಿಂಗ್ ಅಂತ ಇದೆ. ಗುರುತಿಲ್ಲದವರಿಂದ ಮೇಲ್ ಬಂದ್ರೆ ಮೊದಲನೇ ಸಲ ತಗೊಳಲ್ಲ. ಈಗಾಗಲ್ಲ, ಆಮೇಲೆ ಬಾ ಅಂತ ವಾಪಸ್ ಕಳಿಸುತ್ತೆ. ನಿಜವಾದವರಾದ್ರೆ ಮತ್ತೆ ಬರ್ತಾರೆ. ಕಳ್ಳರಿಗೆ ಅಷ್ಟು ಪುರುಸೊತ್ತಿರಲ್ಲ."

ಪುರುಷೋತ್ತಮರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದನ್ನ ಕಂಡುಹಿಡಿದೋರು ಯಾರಪ್ಪಾ?"

"ಹೊರದೇಶದವರು ಸಾರ್."

"ಇರಲಿಕ್ಕಿಲ್ಲ. ನಾವು ಮೂವತ್ತು ವರ್ಷ ಇದನ್ನೇ ಮಾಡಿದ್ದು. ಹೋಗಿ ಬನ್ನಿ ಅಂದಾಗ ಜನ ಬೈತಿದ್ರು. ಅದರ ಹಿಂದೆ ಇಂಥ ವಿಜ್ಞಾನ ಇದೆ ಅಂತ ಆಗ ನಮಗೂ ತಿಳೀಲಿಲ್ಲ."

ಗಣೇಶನನ್ನೇ ಮತ್ತೆ ಬಾ ಎಂದು ಕಳಿಸುವ ನಾಡು ಇದು ಎಂದು ಅವರು ಅದಕ್ಕೆ 'ಪುನರಾಗಮನ ನಿಯಮ' ಎಂದು ಹೆಸರಿಟ್ಟರು. ಪ್ರಕಟಣೆ ಹೊರಬಿತ್ತು:

"ಸಂಘಕ್ಕೆ ಸಲ್ಲಿಸುವ ಯಾವುದೇ ಮನವಿಯನ್ನು ಪ್ರಥಮ ಬಾರಿಗೆ ಸ್ವೀಕರಿಸಲಾಗುವುದಿಲ್ಲ. ಅದೇ ಅರ್ಜಿದಾರರು ಕಾಲು ಗಂಟೆಯ ತರುವಾಯ, ಒಂದು ಗಂಟೆಯೊಳಗೆ ಪುನಃ ಬಂದಲ್ಲಿ ಅವರನ್ನು ನೈಜರೆಂದು ಪರಿಗಣಿಸಲಾಗುವುದು. ಯಂತ್ರಕ್ಕೆ ಒಂದು, ಮನುಷ್ಯರಿಗೆ ಒಂದು ನ್ಯಾಯ ಸಲ್ಲದಾದ್ದರಿಂದ ಈ ನಿಯಮವು ಖುದ್ದಾಗಿ ಬರುವವರಿಗೂ ಅನ್ವಯಿಸುತ್ತದೆ."

ಬೇಸಿಗೆ ಬಂತು. ಸಂಘದ ಬೋರ್‌ವೆಲ್ ಬತ್ತಿತು. ಟ್ಯಾಂಕರ್ ನೀರು ಬೇಕಾದವರು ಸಂಘಕ್ಕೆ ಮೇಲ್ ಕಳಿಸಬೇಕಿತ್ತು. ಮೂರನೇ ಅಡ್ಡರಸ್ತೆಯ ಕೋಕಿಲಾ ಅವರ ಸಂಪು ಒಣಗಿತ್ತು, ಭಾನುವಾರ ಮಾವನವರ ವಾರ್ಷಿಕ ಶ್ರಾದ್ಧವಿತ್ತು, ಮಾಗಡಿ ಕಡೆಯಿಂದ ನೆಂಟರು ಬರುವವರಿದ್ದರು. ಅವರು ಸೋಮವಾರವೇ ಫೋನಿನಿಂದ ಮೇಲ್ ಕಳಿಸಿದರು. ಬುಧವಾರವಾದರೂ ಅದು ಸಂಘವನ್ನು ಮುಟ್ಟಲಿಲ್ಲ.

ಮಧ್ವೇಶ ಪರಿಶೀಲಿಸಿ ವರದಿ ಕೊಟ್ಟ. "ಅವರ ಮೇಲ್ ಕಂಪನಿ ದೊಡ್ಡದು ಸಾರ್. ಒಂದ್ಸಲ ಒಂದು ಮಿಷಿನ್ನಿಂದ ಕಳಿಸ್ತಾರೆ, ಇನ್ನೊಂದ್ಸಲ ಇನ್ನೊಂದ್ರಿಂದ. ನಮ್ಮ ಸರ್ವರ್‌ಗೆ ಪ್ರತಿ ಸಲಾನೂ ಹೊಸಬರೇ. ಪ್ರತಿ ಸಲಾನೂ ವಾಪಸ್."

"ಸರಿಯಾಗೇ ಇದೆಯಲ್ಲಪ್ಪಾ. ಅಪ್ಪ ಅರ್ಜಿ ಕೊಟ್ಟು ಮಗ ಬಂದ್ರೆ ಮೊದಲಿಂದಾನೇ ಶುರು ಮಾಡ್ಬೇಕು."

"ಒಂದು ಲೈನ್ ಸೇರಿಸಿದ್ರೆ ಅವರಿಗೆ ವಿನಾಯಿತಿ ಕೊಡ್ಬಹುದು ಸಾರ್."

ವಿನಾಯಿತಿಗೆ ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕಿತ್ತು. ಅಂದೇ ಸಂಜೆಯ ತುರ್ತು ಸಭೆಯ ತಿಳಿವಳಿಕೆ ಪತ್ರವನ್ನು ಸಂಘದ ಸರ್ವರಿನಿಂದಲೇ ಕಳಿಸಲಾಯಿತು. ಸ್ವಂತ ಸರ್ವರ್ ಎಂದರೆ ಊರಿಗೆ ಹೊಸ ಮುಖವಾದ್ದರಿಂದ ಎಲ್ಲರ ಫೋನುಗಳೂ ಅದನ್ನು ಸ್ಪ್ಯಾಮ್ ಎಂಬ ಕಸದ ಬುಟ್ಟಿಗೆ ಹಾಕಿದವು. ಸಭೆಗೆ ಪುರುಷೋತ್ತಮರೊಬ್ಬರೇ ಬಂದರು. ಕೋರಂ ಇಲ್ಲದ ಕಾರಣ ಸಭೆಯನ್ನು ಅವರೇ ಮುಂದೂಡಿ, ಅವರೇ ವಂದಿಸಿದರು.

ಗುರುವಾರ ಕೋಕಿಲಾ ಖುದ್ದಾಗಿ ಕಾರ್ಯದರ್ಶಿಗಳ ಮನೆಗೆ ಹೋದರು.

"ಸಾರ್, ಕುಡಿಯೋಕೂ ನೀರಿಲ್ಲ."

"ಅರ್ಥ ಆಗುತ್ತಮ್ಮ. ಹೋಗಿ, ಕಾಲು ಗಂಟೆ ಬಿಟ್ಟು ಬನ್ನಿ."

"ಇಲ್ಲೇ ಗೇಟ್ ಹತ್ರ ನಿಂತ್ಕೋತೀನಿ."

"ನಿಂತ್ರೆ ಹೋದ ಹಾಗಾಗಲ್ಲ. ಹೋಗದೆ ಮತ್ತೆ ಬರೋದು ಹೇಗಮ್ಮ?"

ಕೋಕಿಲಾ ಹೋದರು. ಅಷ್ಟರಲ್ಲಿ ಅವರ ಶಾಲೆಯ ಬಸ್ಸು ಬಂತು. ಅವರು ಆ ಶಾಲೆಯಲ್ಲಿ ಪಾಠ ಹೇಳುವ ಟೀಚರು. ಅವರ ಬದಲು ಗಂಡ ರವಿಕುಮಾರ್ ಬಂದರು.

"ನೀವು ಹೊಸಬರು," ಎಂದರು ಪುರುಷೋತ್ತಮರು.

"ಏನ್ ಸಾರ್ ಹೀಗಂತೀರಾ. ನಿಮ್ಮ ಎದುರು ಮನೇಲೇ ಇದೀವಲ್ಲ."

"ಮನೆ ಹಳೇದು ರವಿಕುಮಾರ್. ಅರ್ಜಿದಾರ ಹೊಸಬ. ಹೋಗಿ ಬನ್ನಿ."

ರವಿಕುಮಾರ್ ಹೋಗಿ, ಗಾಡಿ ಪಂಕ್ಚರ್ ಹಾಕಿಸಿಕೊಂಡು ಬರುವಷ್ಟರಲ್ಲಿ ಒಂದು ಗಂಟೆ ಮೀರಿತ್ತು. ಅವರು ಪುನಃ ಹೊಸಬರಾದರು. ಸಂಜೆ ಅವರ ತಾಯಿ ನರಸಮ್ಮ ಕೋಲೂರಿಕೊಂಡು ತಾವೇ ಹೋಗಿ ಬಂದರು, ಮತ್ತೆ ಹೋಗಲು ಮೊಣಕಾಲು ಒಪ್ಪಲಿಲ್ಲ.

"ನಿಮ್ಮಪ್ಪನೇ ವಾಸಿ ಕಣೋ," ಎಂದರು ಮಗನಿಗೆ. "ಸತ್ತ ಮೇಲೂ ವರ್ಷಾ ವರ್ಷಾ ತಪ್ಪದೆ ಬರ್ತಾರೆ. ಅರ್ಜಿ ಅವರ ಹೆಸರಲ್ಲೇ ಕೊಡ್ಬೇಕಿತ್ತು."

ಶುಕ್ರವಾರ ಕೋಕಿಲಾ ಶಾಲೆಗೆ ರಜೆ ಹಾಕಿದರು. ಬೆಳಿಗ್ಗೆ ಹೋದರು, ತರಕಾರಿ ತೆಗೆದುಕೊಂಡರು, ಕಾಲು ಗಂಟೆ ಕಳೆದು ಮತ್ತೆ ಹೋದರು. ಪುರುಷೋತ್ತಮರು ಎದ್ದು ನಿಂತು, "ನೀವು ನೈಜರು" ಎಂದು ಘೋಷಿಸಿ, ಶನಿವಾರಕ್ಕೆ ಟ್ಯಾಂಕರ್ ಮಂಜೂರು ಮಾಡಿದರು. ಕೋಕಿಲಾ ಅವರಿಗೆ ತಮಗರಿವಿಲ್ಲದೆಯೇ ಹೆಮ್ಮೆಯಾಯಿತು. ಅಡ್ಡರಸ್ತೆಯಲ್ಲಿ ಅದುವರೆಗೆ ನೈಜರೆಂದು ಸಾಬೀತಾದವರು ಇನ್ನಾರೂ ಇರಲಿಲ್ಲ.

ಅಷ್ಟರಲ್ಲಿ ನಿಯಮದ ಸತ್ಫಲಗಳು ಎಲ್ಲರಿಗೂ ಮನವರಿಕೆಯಾಗಿದ್ದವು. ಚಂದಾ ಕೇಳುವವರು ಕಡಿಮೆಯಾದರು. ಮನೆ ಮನೆಯೂ ಕೊರಿಯರ್‌ನವರನ್ನು, ಗ್ಯಾಸಿನವರನ್ನು ಮೊದಲ ಸಲ ವಾಪಸ್ ಕಳಿಸತೊಡಗಿತು. ಮೂಲೆಯ ದರ್ಶಿನಿಯಲ್ಲಿ ಇಡ್ಲಿ ಕೇಳಿದರೆ, "ಹೋಗ್ಬಿಟ್ಟು ಬನ್ನಿ ಸಾರ್" ಎನ್ನುತ್ತಿದ್ದರು. ಬಂದವರಿಗೆ ಸಾಂಬಾರು ಹೆಚ್ಚಾಗಿ ಹಾಕುತ್ತಿದ್ದರು. ಉಲ್ಲಾಳದ ಕಡೆಯ ಸಂಘವೊಂದು ಅಧ್ಯಯನ ತಂಡ ಕಳಿಸಿತು. ತಂಡವನ್ನು ವಾಪಸ್ ಕಳಿಸಲಾಯಿತು. ಅದು ಬಹಳ ಮೆಚ್ಚಿಕೊಂಡು ಹೋಯಿತು.

ಶನಿವಾರ ಮಧ್ಯಾಹ್ನ ಟ್ಯಾಂಕರ್ ಬಂತು. ಕೋಕಿಲಾ ಸಂಪಿನ ಮುಚ್ಚಳ ತೆಗೆದಿಟ್ಟು ಕಾಯುತ್ತಿದ್ದರು. ಉಳಿದರೆ ನಮಗೂ ಇರಲಿ ಎಂದು ಅಕ್ಕಪಕ್ಕದವರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಚಾಲಕ ಪೈಪು ಎಳೆದ.

"ಈ ರಸ್ತೆಗೆ ಮುಂಚೆ ಬಂದಿದೀರಾ?" ಎಂದು ಕೋಕಿಲಾ ಕೇಳಿದರು.

"ಇಲ್ಲ ಅಕ್ಕಾ, ಇದೇ ಫಸ್ಟು."

ಕೋಕಿಲಾ ಸಂಪಿನೊಳಗೆ ಒಮ್ಮೆ ನೋಡಿದರು. ಆಮೇಲೆ ಸಾಲಿನಲ್ಲಿ ನಿಂತವರನ್ನು ನೋಡಿದರು. ಅವರು ಆಗಲೇ ಕೊಡಗಳನ್ನು ಕೆಳಗಿಟ್ಟಿದ್ದರು.

"ಹಾಗಾದ್ರೆ ಹೋಗಿ, ಕಾಲು ಗಂಟೆ ಬಿಟ್ಟು ಬನ್ನಿ."

ಚಾಲಕ ಬೇಸರ ಮಾಡಿಕೊಳ್ಳಲಿಲ್ಲ. "ಈ ಕಡೆ ಎಲ್ಲಾ ಹಿಂಗೇ ಅಂತ ಹೇಳಿದ್ರು ಅಕ್ಕಾ" ಎಂದು ಪೈಪು ಸುತ್ತಿಕೊಂಡು ಹೋದ.

ಅರ್ಧ ಗಂಟೆಯಲ್ಲಿ ಟ್ಯಾಂಕರ್ ಮತ್ತೆ ಬಂತು. ಅದೇ ಟ್ಯಾಂಕರ್, ಅದೇ ನೀರು. ಮೊದಲಿನ ಚಾಲಕ ಊಟಕ್ಕೆ ಹೋಗಿದ್ದ, ಇವನು ಬೇರೆಯವನು.

ಸಾಲಿನಲ್ಲಿದ್ದವರು ಖಾಲಿ ಕೊಡಗಳನ್ನು ಎತ್ತಿಕೊಂಡು ಮನೆಗಳತ್ತ ನಡೆದರು. ಕೋಕಿಲಾ ಸಂಪಿನ ಮುಚ್ಚಳ ಮುಚ್ಚಿ ಒಳಗೆ ಬಂದು ಅತ್ತೆಗೆ ವಿಷಯ ತಿಳಿಸಿದರು.

"ಇರಲಿ ಬಿಡೇ," ಎಂದರು ನರಸಮ್ಮ. "ಹೆಂಗಿದ್ರೂ ನಾಳೆ ನೆಂಟ್ರನ್ನ ಮೊದಲನೇ ಸಲ ಮಾಗಡಿಗೆ ವಾಪಸ್ ಕಳಿಸ್ಲೇಬೇಕಲ್ಲ. ಅವರು ಮತ್ತೆ ಬರೋದ್ರೊಳಗೆ ನೀರು ಬರುತ್ತೆ."