ಮಾವನವರ ಎದೆ ನನ್ನ ಸೊಂಟದಲ್ಲಿ

ಮಕ್ಕಳೇ, ನಿಮ್ಮ ಮುತ್ತಜ್ಜನ ಎದೆ ಒಂದು ವಾರ ನನ್ನ ಸೊಂಟದಲ್ಲಿತ್ತು ಎಂದರೆ ನಂಬುತ್ತೀರಾ? ನಗಬೇಡಿ. ಇದನ್ನು ಬರೆಯುವಾಗ ಈ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾಗುತ್ತಿದೆ.

ನಾನು ಎಕ್ಕಂಬಿಗೆ ಸೊಸೆಯಾಗಿ ಬಂದು ಕೆಲವೇ ವರ್ಷಗಳಾಗಿದ್ದವು. ಅರವತ್ತನೆಯ ಇಸವಿಯ ಆಚೀಚೆ ಇರಬೇಕು. ಅತ್ತೆ ಆಗಲೇ ಇರಲಿಲ್ಲ. ಬಸ್ಸಿನ ರಸ್ತೆಯ ಮೇಲೆ ನಮ್ಮ ಬೆಲ್ಲ, ಮೆಣಸಿನಕಾಯಿಯ ಅಂಗಡಿ. ಅದರಲ್ಲಿ ಕೂರುತ್ತಿದ್ದವರು ನಿಮ್ಮಜ್ಜ. ನನ್ನ ಮಾವನವರು ಕೂರುವ ಪೈಕಿಯೇ ಅಲ್ಲ! ಬೆಲ್ಲ ಕೊಳ್ಳಲು ಬಂದವನ ಜೊತೆ ಮಾತಾಡುತ್ತ ಅವನ ಊರಿನ ಹಳ್ಳದವರೆಗೂ ಹೋಗಿಬಿಡುತ್ತಿದ್ದರು. ಅಲ್ಲಿ ಬೆಲ್ಲ ಕೊಡುವುದನ್ನೇ ಮರೆತದ್ದು ನೆನಪಾಗಿ, ಮರಳಿ ಬಂದು, ಗಂಟು ಹಿಡಿದುಕೊಂಡು ಮತ್ತೆ ಅವನ ಮನೆಗೇ ನಡೆಯುತ್ತಿದ್ದರು. ಊಟಕ್ಕೆ ಕುಳಿತರೂ ತುತ್ತು ಬಾಯಲ್ಲಿಟ್ಟುಕೊಂಡು ಪಡಸಾಲೆಯಲ್ಲೊಂದು ಸುತ್ತು. ಸಾಲದ್ದಕ್ಕೆ ನಡೆಯುವಾಗ ತಮ್ಮೊಂದಿಗೇ ಗಟ್ಟಿಯಾಗಿ ಜಗಳ! ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದರು. ನಾನು ಅಡಿಗೆಮನೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಅಂಥವರಿಗೆ ಒಂದು ದಿನ ಎದೆ ಹಿಡಿದುಕೊಂಡಿತು. ನಿಮ್ಮಜ್ಜ ಬಸ್ಸಿನಲ್ಲಿ ಮಲಗಿಸಿಕೊಂಡು ಶಿರಸಿಗೆ ಒಯ್ದರು. ಅಲ್ಲಿಯ ಡಾಕ್ಟರು ಬೊಂಬಾಯಿಯಲ್ಲಿ ಕಲಿತು ಬಂದವರು. ಜೀವ ಉಳಿಸಿದರು. ಆಮೇಲೆ ಗುಂಡನೆಯ ಗಡಿಯಾರದಂಥ ಒಂದು ಡಬ್ಬಿ ಕೊಟ್ಟರು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಹೆಜ್ಜೆ ಇಟ್ಟಾಗಲೆಲ್ಲ ಒಳಗೆ ಟಿಕ್ ಎಂದು ಮುಳ್ಳು ಸ್ವಲ್ಪ ಸರಿಯುತ್ತದೆ. ಎಷ್ಟು ನಡೆದರೆಂದು ಅದೇ ಹೇಳುತ್ತದೆ. ಗಾಜಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದು ಡಾಕ್ಟರು ಹೇಳಿದರಂತೆ, "ಮುಂದಿನ ವಾರ ಬರುವಾಗ ಮುಳ್ಳು ಈ ಗೆರೆ ದಾಟಬಾರದು. ದಾಟಿದರೆ ಮಂಚ ಬಿಟ್ಟು ಏಳುವ ಹಾಗಿಲ್ಲ."

ಮಂಚ! ಮಾವನವರಿಗೆ ಅದಕ್ಕಿಂತ ಯಮನೇ ವಾಸಿ.

ಮನೆಗೆ ಬಂದವರು ಡಬ್ಬಿಯನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡರು. ಲಿಂಗದ ಬೆಳ್ಳಿ ಕರಡಿಗೆಯ ಪಕ್ಕದಲ್ಲೇ!

"ಸೊಂಟಕ್ಕ ಅಂದಾರಪ್ಪಾ," ಎಂದರು ನಿಮ್ಮಜ್ಜ.

"ಬ್ಯಾನಿ ಎದ್ಯಾಗ ಐತಿ, ಸೊಂಟಕ್ಕ ಯಾಕ ಕಟ್ಟಲಿ? ಹಲ್ಲು ನೋವಾದ್ರ ಮೊಣಕಾಲಿಗೆ ಔಷಧ ಹಚ್ಚತೀಯೇನು?"

ಮರುದಿನ ಮಠದ ಅಯ್ಯನವರು ಪೂಜೆಗೆ ಬಂದರು. ಮಾವನವರು ಪಾದಕ್ಕೆ ಬಾಗಿದರೆ ಟಿಕ್, ಎದ್ದರೆ ಟಿಕ್. ಅಯ್ಯನವರು ಕಣ್ಣರಳಿಸಿದರು. "ಎರಡೆರಡು ಕಟ್ಟಿಕೊಂಡೀರಲ್ಲ ಶೆಟ್ಟರ, ಯಾವುದಕ್ಕ ಕೈ ಮುಗೀಲಿ?"

"ಒಂದು ಮುಕ್ತಿಗ್ರಿ ಅಯ್ಯಾರ," ಎಂದರು ಮಾವನವರು, "ಇನ್ನೊಂದು ಈ ವಾರದ ಮಟ್ಟಿಗೆ!"

ಅಯ್ಯನವರು ನಕ್ಕರು. ಹಾಲಿನ ಬಟ್ಟಲು ಹಿಡಿದು ನಿಂತಿದ್ದ ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಟಿಕ್ ಟಿಕ್ ಕಾಟ ತಡೆಯಲಾರದೆ ಮಾವನವರು ಅದನ್ನು ಮೊಳೆಗೆ ತೂಗುಹಾಕಿ ಊರೆಲ್ಲ ಅಲೆದರು. ವಾರ ಕಳೆದ ಮೇಲೆ ಡಾಕ್ಟರು ನೋಡಿದರೆ ಮುಳ್ಳು ಇದ್ದಲ್ಲೇ ಇದೆ!

"ಎಂತ ಮಾರಾಯ್ರೇ, ಬಚ್ಚಲಿಗೂ ಹೋಗಲಿಲ್ಲವೋ?"

"ಮೈ ಒರಸ್ಕೊಂಡೇನ್ರಿ."

"ಒರೆಸಿಕೊಳ್ಳುವುದಕ್ಕಾದರೂ ಎದ್ದು ಕೂತಿರಬೇಕಲ್ಲ! ಇನ್ನೊಂದು ವಾರ ಸರಿಯಾಗಿ ಕಟ್ಟಿಕೊಂಡು ಬನ್ನಿ."

ಮಾವನವರು ಯೋಚಿಸುತ್ತ ಬಂದರು. ಮುಳ್ಳು ಸರಿಯಬೇಕು, ಆದರೆ ಬಹಳ ಸರಿಯಬಾರದು. ಸ್ವಲ್ಪವೇ ಸ್ವಲ್ಪ ನಡೆಯುವವರು ಯಾರು? ನಿಮ್ಮಜ್ಜ ದಿನವಿಡೀ ಕೂರುವವರು, ಅವರಿಂದಾಗದು. ಎತ್ತಿಗೆ ಕಟ್ಟಿದರೆ ಅದು ನೆಕ್ಕೀತು. ಕೊನೆಗೆ ಅಡಿಗೆಮನೆಯ ಬಾಗಿಲಿಗೆ ಬಂದು, ಬೇರೆಲ್ಲೋ ನೋಡುತ್ತ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟರು.

"ಇದು ನಿನ್ನ ಸೊಂಟಕ್ಕ ಇರಲಿ. ನೀ ಹೆಂಗೂ ಮನ್ಯಾಗ ಇರಾಕಿ, ಎಲ್ಲಿ ನಡೀತಿ?"

ಮಾವನವರ ಮಾತಿಗೆ ಎದುರು ಹೇಳುವುದುಂಟೇ? ಸೆರಗಿನೊಳಗೆ ಸಿಕ್ಕಿಸಿಕೊಂಡೆ. ನಾನು ಹೊಸದಾಗಿ ಏನೂ ಮಾಡಲಿಲ್ಲ. ಭಾವಿಯಿಂದ ನೀರು, ಹಳ್ಳಕ್ಕೆ ಬಟ್ಟೆ, ದನಕ್ಕೆ ಹುಲ್ಲು, ಅಂಗಡಿಗೆ ಬುತ್ತಿ, ಮೆಣಸಿನಕಾಯಿ ಹರವುವುದು, ಮೋಡ ಕಂಡರೆ ಬಾಚಿ ಒಳಗೆ ತರುವುದು. ದಿನವೂ ಇದ್ದದ್ದೇ. ಭಾವಿಯ ಹತ್ತಿರ ಎದುರುಮನೆಯ ನೀಲವ್ವನ ಕಿವಿ ಚುರುಕಾಯಿತು.

"ಏನವ್ವಾ, ನಿನ್ನ ಸೀರ್ಯಾಗ ಹಲ್ಲಿ ಲೊಚಗುಡಾಕತ್ತೈತಲ್ಲ?"

"ಅದು... ನಮ್ಮ ಮಾವಾರದ್ದ್ರೀ."

"ಮಾವಾರದ್ದು ಏನು?"

"ಎದೀದು."

ಭಾವಿಕಟ್ಟೆಯ ಮೇಲೆ ಹಗ್ಗಗಳೆಲ್ಲ ನಿಂತವು. "ಅಯ್ಯ ನಮ್ಮವ್ವಾ! ಮಾವನ ಎದಿ ಸೊಸಿ ಸೊಂಟಕ್ಕ ಯಾವಾಗ ಇಳೀತು?"

ಕೊಡವನ್ನು ಅಲ್ಲೇ ಬಿಟ್ಟು ಓಡಿದೆ. ಓಡಿದರೆ ಆ ದರಿದ್ರ ಡಬ್ಬಿ ಇನ್ನೂ ಜೋರಾಗಿ ಟಿಕ್ ಟಿಕ್ ಟಿಕ್! ಅಂದಿನಿಂದ ನಾಚಿಕೆಯಿಂದ ಅದರ ಮುಖ ಕೂಡ ನೋಡಲಿಲ್ಲ. ಮಾವನವರೂ ನೋಡಲಿಲ್ಲ. ಮನೆಯೊಳಗಿನ ಹೆಂಗಸು ಎಷ್ಟು ನಡೆದಾಳು ಎಂಬ ಧೈರ್ಯ ಅವರಿಗೆ.

ವಾರ ತುಂಬಿದಾಗ ಹುಣಸೆ ವ್ಯಾಪಾರದ ಕಾಲ, ನಿಮ್ಮಜ್ಜ ಅಂಗಡಿ ಬಿಡುವಂತಿರಲಿಲ್ಲ. ಮಾವನವರ ಜೊತೆ ಶಿರಸಿಗೆ ನಾನೇ ಹೋದೆ. ದವಾಖಾನೆಯಲ್ಲಿ ಅವರು ರೋಗಿಯ ಸ್ಟೂಲಿನ ಮೇಲೆ ಕುಳಿತರು. ನಾನು ಗೋಡೆಗೆ ಅಂಟಿಕೊಂಡು ನಿಂತೆ. ಡಬ್ಬಿ ನೋಡಿದ ಡಾಕ್ಟರ ಮುಖ ಕೆಂಪಾಯಿತು.

"ಎಂತ ಮಾಡಿಕೊಂಡಿರಿ ನೀವು? ಮುಳ್ಳು ಗೆರೆ ದಾಟಿ ಎಲ್ಲಿಗೋ ಹೋಗಿದೆ! ಗಟ್ಟಿ ಆಳೂ ಇಷ್ಟು ನಡೆದರೆ ಸುಸ್ತಾಗುತ್ತಾನೆ. ಮುಗಿಯಿತು. ಇವತ್ತಿನಿಂದ ಮಂಚ."

ಇನ್ನು ಮಾವನವರು ವಾದ ಶುರುಮಾಡುತ್ತಾರೆ, ಕಂಪೌಂಡರ, ಹೊರಗಿನ ರೋಗಿಗಳು ಎಲ್ಲ ಸೇರುತ್ತಾರೆ ಎಂದು ನಾನು ಮುದುಡಿ ನಿಂತೆ. ಅವರು ಕೈ ಚಾಚಿ ಡಬ್ಬಿ ಇಸಿದುಕೊಂಡರು. ಅದನ್ನು ಕಣ್ಣಿನ ಹತ್ತಿರ ಹಿಡಿದು, ಆ ಮುಳ್ಳನ್ನು ಬಹಳ ಹೊತ್ತು ನೋಡಿದರು.

"ಇದು ನಾ ನಡದದ್ದಲ್ರಿ," ಎಂದರು ಕೊನೆಗೆ. ಅಷ್ಟು ಮೆತ್ತಗಿನ ದನಿ ಅವರಿಗಿದೆ ಎಂದೇ ನನಗೆ ಗೊತ್ತಿರಲಿಲ್ಲ. "ನಮ್ಮ ಸೊಸಿ ನಡದದ್ದು. ಮನ್ಯಾಗ ಇರಾಕಿ ಎಲ್ಲಿ ನಡೀತಾಳ ಅಂತ ಆಕೀಗೆ ಕಟ್ಟಿದ್ದೆ."

ಡಾಕ್ಟರು ನನ್ನತ್ತ ತಿರುಗಿದರು. ಅಷ್ಟರಲ್ಲಿ ಮಾವನವರು ಸ್ಟೂಲಿನಿಂದ ಎದ್ದಿದ್ದರು.

"ಕುಂದರವ್ವಾ."

ನಮ್ಮ ಮನೆಯಲ್ಲಿ ಮಾವನ ಎದುರು ಸೊಸೆ ಕೂರುವ ಪದ್ಧತಿ ಇರಲಿಲ್ಲ. ಬೇಡವೆಂದು ತಲೆ ಅಲ್ಲಾಡಿಸಿದೆ.

"ಏಳಬೇಡಿ, ನೀವು ಕೂತುಕೊಳ್ಳಿ!" ಎಂದು ಡಾಕ್ಟರು ಗದರಿದರು.

"ನಾ ನಿಂದರತೀನ್ರಿ. ಆಕಿ ಕುಂದರಲಿ."

ಸ್ಟೂಲಿನ ಅಂಚಿಗೆ ಕುಳಿತೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತಗ್ಗಿಸಿದ ಕಣ್ಣಿಗೆ ಕಂಡದ್ದು ಮಾವನವರ ಪಾದಗಳು. ಹಬ್ಬ ಹುಣ್ಣಿಮೆಗೆಲ್ಲ ಅವಕ್ಕೆ ನಮಸ್ಕಾರ ಮಾಡಿದ್ದೆ, ಆದರೆ ಒಮ್ಮೆಯೂ ನೋಡಿರಲಿಲ್ಲ. ಚಪ್ಪಲಿಯ ಪಟ್ಟಿ ಹೂತುಹೋಗುವಷ್ಟು ಬಾತಿದ್ದವು. ಧೋತರ ಎಳೆದು ಎಳೆದು ಮುಚ್ಚಿಕೊಳ್ಳುತ್ತಿದ್ದರು.

ಅವರೆದುರು ಪರಪುರುಷರೊಡನೆ ನಾನು ಮಾತಾಡಿದ್ದು ಅದೇ ಮೊದಲು.

"ಡಾಕ್ಟರ, ನಮ್ಮ ಮಾವಾರ ಕಾಲು ನೋಡ್ರಿ," ಎಂದೆ. "ಬಾತಾವ."