ಬುಟ್ಟಿ ಗಾಡಿಯ ಮಾಲಕ ಮ್ಯಾಲ ಏರಿದ್ದು

ಎತ್ತರದ ಕೆಲಸಕ್ಕ ಮಷೀನ್ ಬಾಡಿಗಿ ಕೊಡೋ ಧಂದೆ ಹಿಡದಾಗಿಂದ ನನಗ ನಗೂದಕ್ಕೇನೂ ಕಡಿಮಿ ಆಗಿಲ್ಲ ನೋಡ್ರಿ. ವಾರಕ್ಕೊಂದು ಏನರ ಆಗೇ ಆಗತೈತಿ.

ತೊಂಬತ್ತರ ದಶಕದ ಕಡೀಗೆ ಸೊಲ್ಲಾಪುರದಿಂದ ಒಂದು ಹಳೇ ಗಾಡಿ ತಂದೆ. ಲಾರಿ ಬೆನ್ನ ಮ್ಯಾಲ ಉದ್ದನ ಕಬ್ಬಿಣದ ತೋಳು, ಅದರ ತುದಿಗೆ ಇಬ್ಬರು ನಿಲ್ಲುವಷ್ಟು ಬುಟ್ಟಿ. ಕೆಳಗ ಆಪರೇಟರ್ ಲಿವರ್ ಎಳದ್ರ ಬುಟ್ಟಿ ಮೂರಂತಸ್ತಿನ ಎತ್ತರಕ್ಕ ಹೋಗತಿತ್ತು. ಮಂದಿ ಅದಕ್ಕ ಬುಟ್ಟಿ ಗಾಡಿ ಅಂತ ಹೆಸರಿಟ್ರು.

ಇದರಾಗ ಒಂದು ಗುಟ್ಟಿತ್ತು. ಮಾಲಕ ಅಂತ ಎದಿ ಉಬ್ಬಿಸಿ ತಿರುಗೋ ನನಗ ಎತ್ತರ ಅಂದ್ರ ಭಾಳ ಅಂಜಿಕಿ. ಮಾಳಗಿ ಮ್ಯಾಲ ಕಾಳು ಒಣಗಸಾಕೂ ನನ್ನ ಹೆಂಡ್ತಿನ ಹೋಗಬೇಕು. ಇದು ಗಿರಾಕಿಗೆ ಗೊತ್ತಾದ್ರ ಧಂದೆ ಮುಗೀತು. ‘ಮಾಲಕನ ಏರೂದಿಲ್ಲಂತ, ನಾವ್ಯಾಕ ಏರೂಣು’ ಅಂತ ಒಬ್ಬ ಅಂದ್ರೂ ಸಾಕು, ಸಂಜಿ ಬಸ್ಸಿಗೆ ಸುದ್ದಿ ಸುತ್ತಲಿನ ನಾಲ್ಕೂ ತಾಲೂಕು ಮುಟ್ಟತಿತ್ತು. ಅದಕ್ಕ ಯಾರರ ಮ್ಯಾಲ ಬರ್ರಿ ಅಂತ ಕರದ್ರ, “ಲಿವರ್ ಕಡೆ ಲಕ್ಷ್ಯ ಇಡಬೇಕ್ರಿ” ಅಂತ ಕೆಳಗ ನಿಲ್ತಿದ್ದೆ.

ಚೀಲದಾಗಿನ ಚಪ್ಪಲಿ

ಮೊದಲನೇ ಬಾಡಿಗಿ ಸಿಂದಗಿ ಹತ್ತಿ ಮಿಲ್ಲಿಂದು. ಮಳಿಗಾಲಕ್ಕ ಮೊದಲ ಶೆಡ್ಡಿನ ಮ್ಯಾಲಿನ ತಗಡಿನ ಪತ್ರಾಸು ಬದಲಿ ಮಾಡಬೇಕಿತ್ತು. ಮಿಲ್ಲಿನ ಸಾವಕಾರ್ರು ಪೂಜಿ ಇಲ್ಲದ ಗಾಡಿ ಮುಟ್ಟಾಕ ಬಿಡಲಿಲ್ಲ. ಬುಟ್ಟಿಗೆ ಅರಿಶಿನ, ಕುಂಕುಮ, ಹೂವಿನ ಮಾಲಿ, ಕಾಯಿ, ಎಲ್ಲಾ ಆತು. ಫಿಟ್ಟರ್ ಬುಟ್ಟಿಗೆ ಕೈ ಮುಗದು, ಚಪ್ಪಲಿ ಕೆಳಗ ಬಿಟ್ಟು ಏರಿದ.

ಬ್ಯಾಸಗಿ, ಮಟಮಟ ಮಧ್ಯಾಹ್ನ. ಮ್ಯಾಲ ಹೋಗಿ ಪತ್ರಾಸಿನ ಮ್ಯಾಲ ಕಾಲಿಟ್ಟಾಂವ “ಯವ್ವಾ!” ಅಂತ ಒಂದ ಜಿಗಿತಕ್ಕ ವಾಪಸ್ ಬುಟ್ಯಾಗ ಬಿದ್ದ. ಕೆಳಗ ಇಳಿಸಿದ್ವಿ. ಅಂವ ಒಮ್ಮೆ ಚಪ್ಪಲಿ ನೋಡಿದ, ಒಮ್ಮೆ ಕುಂಕುಮ ನೋಡಿದ. ಹಾಕ್ಕೊ ಅನ್ನಾಕ ಯಾರಿಗೂ ಧೈರ್ಯ ಇಲ್ಲ.

ಕಡೀಗೆ ಸಾವಕಾರ್ರ ದಾರಿ ಹುಡಕಿದ್ರು. ಚಪ್ಪಲಿ ಒಂದು ಚೀಲದಾಗ ಹಾಕಿ, ಬಾಯಿ ಬಿಗಿದು ಕಟ್ಟಿ, ಅವನ ಕೈಯಾಗ ಕೊಟ್ಟು ಮೆಲ್ಲಕ ಹೇಳಿದ್ರು: “ಬುಟ್ಟಿಗೆ ಗೊತ್ತಾಗಬಾರದು ನೋಡು.”

ಎಮ್ಮಿ ಹುಡಕಾಕ

ಮುದ್ದೇಬಿಹಾಳದಾಗ ಗೋದಾಮಿಗೆ ಸುಣ್ಣ ಹಚ್ಚಾಕತ್ತಿದ್ವಿ. ಒಬ್ಬ ಅಜ್ಜ ಓಡಿ ಬಂದ. “ತಮ್ಮಾ, ಎಮ್ಮಿ ತಪ್ಪಿಸ್ಕೊಂಡೈತೋ. ಒಂದೈದು ನಿಮಿಷ ನನ್ನ ಮ್ಯಾಲ ಎತ್ತು.” ಪಾಪ ಅನಿಸ್ತು, ಎತ್ತಿಸಿದೆ. ಅಜ್ಜ ಕೈ ಹಣಿಗೆ ಹಚ್ಚಿ ನಾಲ್ಕೂ ದಿಕ್ಕು ನೋಡಿದ. ಇಳೀವಾಗ ಮಾರಿ ಕೆಂಪಗಾಗಿತ್ತು.

“ಎಮ್ಮಿ ಸಿಕ್ತೇನಜ್ಜಾ?”

“ಎಮ್ಮಿ ಎಲ್ಲಿ ಸಿಗತೈತೋ! ಅದನ್ನ ಹುಡಕಾಕ ಕಳಿಸಿದ ಅಳಿಯ ಸಿಕ್ಕ. ಬೇವಿನ ಗಿಡದ ಬುಡಕ ಮಲಗ್ಯಾನ!”

ಬಂತು, ಹೋತು

ಬಸವನ ಬಾಗೇವಾಡ್ಯಾಗ ಅರಿವಿ ಅಂಗಡಿಗೆ ಲೈಟಿನ ಬೋರ್ಡ್ ಕೂಡಸೋ ಕೆಲಸ. ಎಲೆಕ್ಟ್ರಿಶಿಯನ್ ಮ್ಯಾಲ ಹೋಗಿದ್ದ ತಡ, ಬಾಜೂ ಮನಿ ಅಕ್ಕಾರು, “ತಮ್ಮಾ, ಹೆಂಗೂ ಮ್ಯಾಲ ಅದಿ, ನಮ್ಮ ಆಂಟೆನಾ ಒಂಚೂರು ತಿರುವು” ಅಂದ್ರು. ತಿರುವಿದ. ಒಳಗಿಂದ ಕೂಗು: “ಬಂತು, ಬಂತು… ಹೋತು!” ಇನ್ನೊಂಚೂರು ತಿರುವಿದ. “ಬಂತು!” ಅಷ್ಟರಾಗ ಇಡೀ ಓಣಿ ಹೊರಗ ಬಂದಿತ್ತು. ಯಾರಿಗೆ ಬ್ಯಾಡ ಅನ್ನೂದು?

ಸಂಜಿಕ ಅಂಗಡಿ ಮಾಲಕ ಬಂದು ನೋಡ್ತಾನ, ಬೋರ್ಡ್ ನೆಲದ ಮ್ಯಾಲ ಐತಿ. ಬೆಂಕಿ ಆದ. “ಬಾಡಿಗಿ ನಂದು, ಟಿವಿ ಊರ ಮಂದೀದೇನ್ರಿ!” ಅಂತ ಮನಸಿಗೆ ಬಂದಂಗ ಬೈದ. ಬೈದು ದಣಿದ ಮ್ಯಾಲ ನನ್ನ ಬಾಜೂಕ್ಕ ಬಂದು ಸಣ್ಣ ದನೀಲೆ ಅಂದ: “ಹಿಂದಿನ ಓಣ್ಯಾಗ ನಮ್ಮ ಮನಿ ಐತ್ರಿ. ಎರಡು ವಾರದಿಂದ ಬರೇ ಚುಕ್ಕಿ ಕಾಣತಾವ.”

ಇಂಡ್ಯಾಗ ಸಿಕ್ಕಿಬಿದ್ದದ್ದು

ಇಂಡ್ಯಾಗ ನಿಂಬಿಹಣ್ಣಿನ ವ್ಯಾಪಾರಿ ಒಬ್ರ ದೊಡ್ಡ ಕಟ್ಟಡಕ್ಕ ಬಣ್ಣ ಹಚ್ಚಬೇಕಿತ್ತು. ಎಂಟು ದಿವಸದ ಕೆಲಸ. ಬಣ್ಣ ಹಚ್ಚಾವ್ರು ಊರಿಗೆಲ್ಲ ಬೇಕಾದ ಒಬ್ಬ ಚಾಚಾ. ಗಾಡಿ ಸುತ್ತ ಒಂದು ಸುತ್ತು ಹಾಕಿ ನಿಂತ್ರು.

“ನಲವತ್ತು ವರ್ಷ ಬೊಂಬಿನ ಮ್ಯಾಲ ನಿಂತು ಬಣ್ಣ ಹಚ್ಚೇನ್ರಿ. ಬೊಂಬು ನಾನ ಕಟ್ಟತೇನಿ, ನಾನ ನಂಬತೇನಿ. ಇದನ್ನ ತಂದಾವ್ರು ನೀವು. ಬರ್ರಿ, ನನ್ನ ಜೋಡಿ ಏರ್ರಿ.”

ವ್ಯಾಪಾರಿನೂ ಗೋಣು ಹಾಕಿದ್ರು. “ಖರೇ ಐತಿ. ನಾವೂ ಮೊದಲ ಒಂದು ಹಣ್ಣು ಕೊಯ್ದು ತೋರಿಸೇ ಮಾರತೇವಿ.”

“ಲಿವರ್ ಕಡೆ…” ಅಂದೆ. “ಅಲ್ಲಿ ಆಪರೇಟರ್ ಅದಾನಲ್ರಿ” ಅಂದ್ರು. “ಮೊಣಕಾಲು ನೋಯ್ತಾವ” ಅಂದೆ. “ಬುಟ್ಯಾಗ ನಡಿಯೂದೇನೈತ್ರಿ?” ಅಂದ್ರು ಚಾಚಾ. ಮಂದಿ ನೋಡಾಕತ್ತಿತ್ತು. ಏರಿದೆ.

ಬಾಜೂಕ ಖಾರ ಕುಟ್ಟೋ ಗಿರಣಿ, ಕೂಗಿದ್ರೂ ಕೇಳೂದಿಲ್ಲ. “ಇಳೀಬೇಕಾದ್ರ ಕೈ ಎತ್ರಿ” ಅಂದ ಆಪರೇಟರ್. ಬೆಲ್ಟ್ ಕಟ್ಕೊಂಡ್ವಿ. ನೆಲ ಬಿಟ್ಟಿದ್ದ ತಡ ನಾ ಗಪ್ಪನ ಕಣ್ಣು ಮುಚ್ಚಿ ಚಾಚಾನ ಅಂಗಿ ಹಿಡಕೊಂಡೆ.

“ಮಾಲಕ್ರ, ಕಣ್ಣು ಮುಚ್ಚೀರೇನು?”

“ಇಲ್ರಿ, ತಗದೇನಿ.”

“ಹಂಗಾರ ನಾ ಯಾವ ಬಣ್ಣ ಹಚ್ಚಾಕತ್ತೇನಿ ಹೇಳ್ರಿ.”

“ಹಸಿರು.”

“ಡಬ್ಬಿ ಮುಚ್ಚಳಾನ ಇನ್ನೂ ತಗದಿಲ್ರಿ.”

ಸಿಕ್ಕಿಬಿದ್ದೆ, ಕಣ್ಣು ತಗದೆ. “ಚಾಚಾ, ನಿಮ್ಮ ಕಾಲಿಗೆ ಬೀಳ್ತೇನಿ, ಯಾರಿಗೂ ಹೇಳಬ್ಯಾಡ್ರಿ. ನನಗ ಎತ್ತರ ಅಂದ್ರ ಜೀವ ಹೋಗತೈತಿ.”

ಚಾಚಾ ನನ್ನ ಎರಡೂ ರಟ್ಟಿ ಗಟ್ಯಾಗಿ ಹಿಡಕೊಂಡ್ರು. ನನಗ ಧೈರ್ಯ ಹೇಳಾಕಲ್ಲ, ತಾವು ಬೀಳಬಾರದಂತ. “ಬೊಂಬಿನ ಮ್ಯಾಲ ಹಿಡಕೊಳ್ಳಾಕ ಬೊಂಬರ ಇರತೈತ್ರಿ. ಇದು ತೂಗಾಡತೈತಿ. ಇಳೀಸಾಕ ಹೇಳ್ರಿ.”

“ಕೈ ಎತ್ರಿ ಚಾಚಾ.”

“ನೀವು ಎತ್ರಿ.”

ಯಾರು ಎತ್ತಬೇಕು? ಕೈ ಬಿಟ್ರಲ್ಲ ಎತ್ತೂದು! ನಾ ಚಾಚಾನ ಬಿಡವಲ್ಲೆ, ಚಾಚಾ ನನ್ನ ಬಿಡವಲ್ಲರು. ಮ್ಯಾಲ ಆರಾಮ ಅದಾರ ಅಂತ ಆಪರೇಟರ್ ಬೀಡಿ ಹಚ್ಚಿದ. ಅರ್ಧಾ ತಾಸು ಅಪ್ಪಿಕೊಂಡ ನಿಂತ್ವಿ. ಕಡೀಗೆ ಕೆಳಗ ವ್ಯಾಪಾರಿ ಚಾದ ಕಪ್ಪು ಎತ್ತಿ ತೋರಿಸಿದ್ರು. ಚಾ ಕಂಡ ಕೂಡಲೆ ಚಾಚಾನ ಕೈ ತಾನ ಮ್ಯಾಲ ಹೋತು. ಬುಟ್ಟಿ ಇಳೀತು.

“ಹೆಂಗೈತಿ ಚಾಚಾ?” ಅಂದ್ರು ವ್ಯಾಪಾರಿ. ಚಾಚಾ ಒಂದು ಮಾತು ಅಂದ್ರ ನನ್ನ ಮಾನ, ಧಂದೆ ಎರಡೂ ಹೋಗತಾವ.

ಚಾಚಾ ಸಾವಕಾಶ ಚಾ ಕುಡದು ಕಪ್ಪು ಇಟ್ರು.

“ಮಷೀನ್ ಭಾಳ ಪಸಂದ್ ಐತಿ ಸಾವಕಾರ್ರ. ನಾಳಿಂದ ಕೆಲಸ ಚಾಲೂ ಮಾಡ್ತೇನಿ. ಆದ್ರ ಎಂಟೂ ದಿವಸ ಮಾಲಕ್ರು ನನ್ನ ಜೋಡಿ ಮ್ಯಾಲ ಇರಬೇಕು. ಅವರಿಗೆ ಇದರಾಗ ಭಾಳ ಅನುಭವ ಐತಿ.”