ಚಪ್ಪಲಿ ಬಿಟ್ಟು ಹತ್ತುವ ಬಂಡೆ

ನಮ್ಮ ಚಿಕ್ಕಪ್ಪನನ್ನು ಯಾರ ಮನೆಗೂ ಕರೆದುಕೊಂಡು ಹೋಗಬಾರದು. ಕುಡಿಯುತ್ತಾರೆಂದಲ್ಲ, ಜಗಳವಾಡುತ್ತಾರೆಂದೂ ಅಲ್ಲ. ಕಲ್ಲು ಸವರುತ್ತಾರೆ. ಅಡಿಲೇಡಿನಲ್ಲಿ ಇಂಜಿನಿಯರಾಗಿ ನಿವೃತ್ತರಾದ ಮೇಲೆ ಹತ್ತಿದ ಗೀಳು. ಕೋಟ್ಯಂತರ ವರ್ಷಗಳ ಹಿಂದೆ ಈ ಸೀಮೆಯ ಮೇಲೆ ಹಿಮದ ಹಾಸು ಸರಿದುಹೋಗಿತ್ತಂತೆ. ಅದು ಗೀರಿ ಬಿಟ್ಟುಹೋದ ಬಂಡೆಗಳೇ ಈಗ ಅವರ ನೆಂಟರು!

ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ನನ್ನ ತಂಗಿಯ ಗೃಹಪ್ರವೇಶ. ಒಳಗೆ ಹೋಮ ನಡೆಯುತ್ತಿದ್ದರೆ ಚಿಕ್ಕಪ್ಪ ಹಿತ್ತಲಲ್ಲಿ ಮಂಡಿಯೂರಿ, ಅಲಂಕಾರಕ್ಕಿಟ್ಟ ಗುಂಡುಗಲ್ಲುಗಳನ್ನು ತಡವುತ್ತಿದ್ದರು. ತಂಗಿಯ ಗಂಡ ಹುಡುಕಿಕೊಂಡು ಬಂದ.

"ಮಾವ, ಪೂರ್ಣಾಹುತಿಗೆ ಕರೀತಿದ್ದಾರೆ."

"ಇದನ್ನ ಹಿಮ ತಂದಿಲ್ಲ ಕಣಪ್ಪ. ಲಾರಿ ತಂದಿದೆ."

"ಗೊತ್ತು ಮಾವ. ನಾನೇ ನಿಂತು ಇಳಿಸ್ಕೊಂಡೆ."

ಹೋದ ವರ್ಷ ಕಾರನ್ನೂ ಮಾರಿಬಿಟ್ಟರು. "ಓಡಿಸ್ತಾ ಹೋದ್ರೆ ಬಂಡೆ ನೋಡಕ್ಕಾಗಲ್ಲ" ಎಂಬುದು ಕಾರಣ. ಅಂದಿನಿಂದ ಭಾನುವಾರದ ಸಾರಥ್ಯ ನನ್ನದು. ಗುರಿ ಒಂದೇ: ಅಡಿಲೇಡಿನ ಹ್ಯಾಲೆಟ್ ಕೋವ್‌ನಲ್ಲಿ ಸಮುದ್ರದಂಚಿನ, ಹಿಮ ತಿಕ್ಕಿ ನುಣುಪಾಗಿಸಿದ ಬಂಡೆ. ಹತ್ತುವ ಮುಂಚೆ ಚಪ್ಪಲಿ ಬಿಡುತ್ತಾರೆ. ಬರಿಗಾಲಲ್ಲಿ ನಿಧಾನವಾಗಿ ನಡೆದು, ಕೂತು, ಎರಡೂ ಅಂಗೈ ಊರುತ್ತಾರೆ. ನಮ್ಮ ಜನ ನೋಡಿದರೆ ಏನೆಂದುಕೊಳ್ಳಬೇಕು?

ಕಳೆದ ಭಾನುವಾರ ನೋಡಿಯೇಬಿಟ್ಟರು. ಹೊಸ ಕಾರಿಗೆ ಪೂಜೆ ಮಾಡಿಸಲು ಹೊರಟಿದ್ದ ಮೈಸೂರಿನ ಕುಟುಂಬವೊಂದು ದಾರಿಯಲ್ಲಿ ಸಮುದ್ರ ನೋಡಲು ಇಳಿದಿತ್ತು. ಚಿಕ್ಕಪ್ಪನನ್ನು ಕಂಡು ಎಲ್ಲರೂ ಸಾಲಾಗಿ ಚಪ್ಪಲಿ ಬಿಟ್ಟರು. ಯಜಮಾನರು ಕಾರಿಗೆ ಓಡಿ ತೆಂಗಿನಕಾಯಿ ತಂದರು.

"ಅಂಕಲ್, ಇಲ್ಲೇ ಒಡೀಬಹುದಾ?"

ಗಾಳಿಗೆ ಕೇಳಿಸಲಿಲ್ಲವೋ ಏನೋ, ಚಿಕ್ಕಪ್ಪ ತಿರುಗಲಿಲ್ಲ. ಕಾಯಿ ಮೇಲೆದ್ದಿತು.

"ಚಿಕ್ಕಪ್ಪ, ಬಂಡೆ ಮೇಲೆ ಕಾಯಿ ಒಡೀತಿದ್ದಾರೆ" ಎಂದು ಕೂಗಿದೆ.

"ಬೇಡ್ರೀ, ಗೀರು ಹಾಳಾಗತ್ತೆ" ಎನ್ನುತ್ತಾ ಚಿಕ್ಕಪ್ಪ ಬೋರಲು ಬಿದ್ದು ಬಂಡೆಯನ್ನು ತಬ್ಬಿಕೊಂಡರು. ಕಾಯಿ ಹಿಡಿದವರು ನಿಂತದ್ದು ಚಿಕ್ಕಪ್ಪನ ಎಡಕ್ಕೆ, ಒಂದು ಮಾರು ದೂರದಲ್ಲಿ. ಚಿಕ್ಕಪ್ಪ ತಬ್ಬಿದ್ದು ಬಲಕ್ಕೆ. ಪಟ್ಟಪಗಲು.

ಆ ಕುಟುಂಬ ಕ್ಷಮೆ ಕೇಳಿ ಹೊರಟಿತು.

"ಯಾವಾಗಿಂದ ಚಿಕ್ಕಪ್ಪ?"

"ಕಾರು ಮಾರೋಕ್ಕೆ ಮುಂಚಿಂದ. ಕಣ್ಣಿಗೆ ಬೆಳಕು, ನೆರಳು ಮಾತ್ರ ತಿಳಿಯತ್ತೆ. ಇನ್ನು ಸುಧಾರಿಸಲ್ಲ ಅಂತ ಡಾಕ್ಟರು ಅಂದಿದ್ದಾರೆ." ಅಂಗೈಯಿಂದ ಬಂಡೆಯ ಮೇಲಿನ ಮರಳು ಒರೆಸಿದರು. "ನಿಮ್ಮ ಚಿಕ್ಕಮ್ಮಂಗೆ ಹೇಳ್ಬೇಡ. ಆಮೇಲೆ ಬಂಡೆ ಹತ್ತಕ್ಕೆ ಬಿಡಲ್ಲ ಅವಳು."

ನನ್ನ ಕೈ ಹಿಡಿದು ಒಂದು ಗೀರಿನ ಉದ್ದಕ್ಕೂ ಎಳೆದರು. "ನೋಡು, ಹೀಗೆ ವಾಯವ್ಯಕ್ಕೆ ಹೋಗಿದೆ. ದಾರಿ ಇನ್ನೂ ಹಾಗೇ ಇದೆ."

"ಚಿಕ್ಕಮ್ಮಂಗೆ ನೀವೇ ಹೇಳಿ. ಬಂಡೆಗೆ ನಾನು ಕರ್ಕೊಂಡ್ಬರ್ತೀನಿ" ಎಂದೆ.

ಇಳಿಯುವಾಗ ಮುಂದೆ ಹೋಗಿ ಅವರ ಚಪ್ಪಲಿಗಳನ್ನು, ಕಾಲ್ಬೆರಳಿಗೆ ತಗಲುವ ಹಾಗೆ, ಸದ್ದಿಲ್ಲದೆ ಸರಿಸಿಟ್ಟೆ.